ತುಂಬೆಕುಂಟೆಯ ಚೆಕ್ಕುಬಂದಿ

ಗಿರಣಿಯಿಂದ ಆಗಷ್ಟೇ ಇಳಿಸಿದ ಹಿಟ್ಟಿನ ಡಬ್ಬಕ್ಕೆ ನಿದ್ದೆಯಿಂದೆದ್ದ ಮಗುವಿನ ಮೈಬಿಸಿ ಇರುತ್ತದೆ. ಮೊನ್ನೆ ಸಂಜೆ ಹಲಸೂರಿನ ಗಿರಣಿಯಲ್ಲಿ ಹುರಿದ ಅಕ್ಕಿಯನ್ನೂ ಹುರಿಗಡಲೆಯನ್ನೂ ಬೀಸಿಸಿಕೊಂಡು, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಆಟೋದಲ್ಲಿ ಕೋಡಿಹಳ್ಳಿಯ ಮನೆಗೆ ಹೊರಟಿದ್ದೆ. ದೊಮ್ಮಲೂರು ಮೇಲ್ಸೇತುವೆಯ ಕೆಳಗೆ ಬರುವ ಹೊತ್ತಿಗೆ ಎಲ್ಲವೂ ನಿಂತಿತು. ಡ್ರೈವರ್ ಇಂಜಿನ್ ಆರಿಸಿ, ಎರಡೂ ಕೈ ಮೇಲೆತ್ತಿ ಮೈ ಮುರಿದು, ಹಿಂದೆ ತಿರುಗಿದರು.

"ಒಳ್ಳೇ ಘಮ ಬರ್ತೈತಲ್ಲ ಮೇಡಂ. ತಂಬಿಟ್ಟಿಗಾ?"

"ಹೂಂ."

"ಹಬ್ಬಕ್ಕೆ ಊರಿಗೆ ಹೋಗ್ತೀರಾ? ಯಾವೂರು ನಿಮ್ದು?"

ನಾನು ಏನು ಹೇಳಿದೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಮುಂದಿನ ಬಸ್ಸು ಅಲುಗಾಡುವ ಲಕ್ಷಣವಿಲ್ಲ. ಆತುರಪಟ್ಟು ನೀವೂ ಎಲ್ಲಿಗೆ ಹೋಗುತ್ತೀರಿ?

ಈ ಪ್ರಶ್ನೆಗೆ ನಾನು ಜೀವನಪೂರ್ತಿ ಹೆದರಿದ್ದೇನೆ. ಬೆಂಗಳೂರೇ ನಮ್ಮೂರು ಅಂದರೆ ಬೆಂಗಳೂರಿನಲ್ಲಿ ಯಾರೂ ಒಪ್ಪುವುದಿಲ್ಲ. "ಅದು ಸರಿ, ಮೂಲ ಯಾವೂರು?" ಅನ್ನುತ್ತಾರೆ. ನಾನು ಕೆಲಸ ಮಾಡಿದ್ದು ಅಂಚೆ ಕಚೇರಿಯಲ್ಲಿ. ನಾಡಿನ ಊರುಗಳ ಹೆಸರೆಲ್ಲ ನನ್ನ ಕೈಮೇಲೆ ಹಾದು ಹೋಗಿವೆ. ನಿಮ್ಮ ಊರಿನ ಕಾಗದಕ್ಕೂ ನಾನೇ ಮುದ್ರೆ ಒತ್ತಿರಬಹುದು. ಹಬ್ಬ ಬಂತೆಂದರೆ ಜೊತೆಯವರೆಲ್ಲ ಚೀಲ ತುಂಬಿಕೊಂಡು ಊರಿಗೆ ಹೋಗುವರು. ವಾಪಸು ಬರುವಾಗ ಅವರೆಕಾಯಿ, ಹೊಸ ಬೆಲ್ಲ, ಒಂದಿಷ್ಟು ಜಗಳದ ಸುದ್ದಿ ತರುವರು. ನನಗೂ ಪಾಲು ಕೊಡುತ್ತಿದ್ದರು. ಆ ಅವರೆಕಾಯಿಯನ್ನು ನಾನು ಹೊಟ್ಟೆಕಿಚ್ಚಿನಿಂದಲೇ ಸುಲಿದು ತಿಂದಿದ್ದೇನೆ.

ಅಮ್ಮನಿಗೆ ಮಾತ್ರ ಇಂಥ ಅಳುಕು ಇರಲಿಲ್ಲ. ಯಾರು ಕೇಳಿದರೂ "ತುಂಬೆಕುಂಟೆ" ಎಂದು ಘನವಾಗಿ ಹೇಳುತ್ತಿದ್ದಳು. ಅದೆಲ್ಲಿ ಬರುತ್ತೆ ಎಂದರೆ "ಅಲ್ಲೇ" ಎಂದು ತೋಳು ಬೀಸುತ್ತಿದ್ದಳು. ಆ ಬೀಸಿನೊಳಗೆ ದೊಮ್ಮಲೂರಿನಿಂದ ಕೆ.ಆರ್. ಪುರದವರೆಗೆ ಏನು ಬೇಕಾದರೂ ಇರಬಹುದಿತ್ತು. ಕೇಳಿದವರು ತಲೆಯಾಡಿಸಿ ಮಾತು ಬದಲಿಸುತ್ತಿದ್ದರು.

ಅಮ್ಮನ ಅಜ್ಜಿಯ ಅಜ್ಜಿಯ ಕಾಲದಲ್ಲೋ ಅದಕ್ಕೂ ಹಿಂದೆಯೋ ಆ ಊರಿಗೆ ಬೇನೆ ಬಂತಂತೆ. ಉಳಿದವರು ಗಾಡಿ ಕಟ್ಟಿದರಂತೆ. ಎಲ್ಲರೂ ಹೊರಟ ಮೇಲೆ ನಮ್ಮ ಮನೆಯ ಹೆಂಗಸೊಬ್ಬಳು ಹಿಂದಕ್ಕೆ ಓಡಿಹೋಗಿ, ಊರಮ್ಮನ ಮುಂದೆ ತಂಬಿಟ್ಟಿನ ದೀಪ ಹಚ್ಚಿಟ್ಟು, "ಬರ್ತೀವಮ್ಮ" ಎಂದು ಹೇಳಿ ಬಂದಳಂತೆ. ನಮ್ಮಲ್ಲಿ ಹೊರಡುವವರು ಹೋಗ್ತೀವಿ ಅನ್ನುವುದಿಲ್ಲವಲ್ಲ, ಬರ್ತೀವಿ ಅಂತಲೇ ಹೇಳುತ್ತೇವೆ. ಅವಳೂ ಬಾಯಿ ಅಭ್ಯಾಸಕ್ಕೆ ಹಾಗಂದಿರಬಹುದು. ನಮ್ಮ ಮನೆಯ ಹೆಂಗಸರು ಮಾತ್ರ ಅದನ್ನು ಆಣೆಯ ಹಾಗೆ ಹಿಡಿದುಕೊಂಡರು. ಹಲಸೂರಿನ ಊರಹಬ್ಬದ ದಿನ ಬೀದಿಯವರೊಂದಿಗೆ ಆರತಿ ಹೊತ್ತು ಹೋಗುವ ಮೊದಲು, ಒಂದು ದೀಪವನ್ನು ತುಂಬೆಕುಂಟೆಯ ಅಮ್ಮನಿಗೆಂದು ಮನೆಯಲ್ಲೇ ಹಚ್ಚಬೇಕು. ಊರಿರುವ ದಿಕ್ಕಿಗೆ ಮುಖ ಮಾಡಿ ಹಚ್ಚಬೇಕು.

ದಿಕ್ಕು ಯಾವುದು? ಬಟ್ಟೆ ಒಗೆಯುವ ಕಲ್ಲಿನ ಕಡೆ. ಅಮ್ಮನಿಗೆ ಅವಳಮ್ಮ ಹೇಳಿಕೊಟ್ಟದ್ದು ಅಷ್ಟೇ. ಹಲಸೂರಿನ ಮನೆಯ ಹಿತ್ತಲಲ್ಲಿ ಒಗೆಯುವ ಕಲ್ಲಿತ್ತು. ಅದರಾಚೆಯ ಗೋಡೆಯಾಚೆ ಎಲ್ಲೋ ನಮ್ಮೂರು. ಚಿಕ್ಕಂದಿನಲ್ಲಿ ಆ ಗೋಡೆಗೆ ಕಿವಿಯಿಟ್ಟು ನಿಲ್ಲುತ್ತಿದ್ದೆ. ಮಧ್ಯಾಹ್ನದ ನಿಶ್ಶಬ್ದದಲ್ಲಿ ದನಗಳ ಕೊರಳ ಗಂಟೆ ಕೇಳಿದಂತಾಗುತ್ತಿತ್ತು. ಕುಂಟೆಯ ತುಂಬ ಮಳೆನೀರು, ದಂಡೆಯ ತುಂಬ ಬಿಳಿ ತುಂಬೆ ಹೂ, ಒಬ್ಬ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದಕ್ಕೆ ಓಡುತ್ತಿದ್ದಾಳೆ. ಅವಳ ಮುಖ ಒಮ್ಮೆಯೂ ಕಂಡದ್ದಿಲ್ಲ. ಆ ಗೋಡೆಯ ಹಿಂದೆ ಇದ್ದದ್ದು ಟಿನ್ನಿನ ಡಬ್ಬ ಮಾಡುವ ಶೆಡ್ಡು ಎಂದು ಆಮೇಲೆ ತಿಳಿಯಿತು.

ಆ ಮನೆ ಪಾಲಾಗಿ, ನಾನೂ ಅಮ್ಮನೂ ಕೋಡಿಹಳ್ಳಿಯ ಫ್ಲ್ಯಾಟಿಗೆ ಬಂದ ಕೆಲವು ವರ್ಷಕ್ಕೆ ಅಮ್ಮನ ಕಣ್ಣು ಮಂಜಾಗತೊಡಗಿತು. ಪೊರೆಯಲ್ಲ, ನರವೇ ಒಣಗುತ್ತಿದೆ, ಆಪರೇಷನ್ನಿನಿಂದ ಉಪಯೋಗವಿಲ್ಲ ಎಂದರು ಡಾಕ್ಟರು. ಅಮ್ಮ ಅಳಲಿಲ್ಲ. ಮನೆಗೆ ಬಂದು ಕಾಫಿ ಕುಡಿದು ಹೇಳಿದಳು: "ಪೂರ್ತಿ ಹೋಗೋಕ್ ಮುಂಚೆ ಒಂದ್ಸಲ ಆ ನೆಲ ನೋಡ್ಬೇಕು ಕಣೇ. ಬರ್ತೀವಿ ಅಂತ ಹೇಳಿ ಬಂದೋರು ನಾವು. ಒಬ್ರಾದ್ರೂ ಹೋಗ್ಬೇಡ್ವಾ? ಅಲ್ಲಿ ಪಾಳು ಬಿದ್ದಿರೋ ಜಾಗದಲ್ಲಿ ಊರಮ್ಮ ಒಬ್ಬಳೇ ಕೂತಿರ್ತಾಳೆ."

ನಾನು ಆಗಷ್ಟೇ ನಿವೃತ್ತಳಾಗಿದ್ದೆ. ಮಾಡಲು ಕೆಲಸವಿಲ್ಲದವರಿಗೆ ಬರುವ ಹುರುಪು ನಿಮಗೆ ಗೊತ್ತಿರಬಹುದು. ಹೊಸ ಕನ್ನಡಕ, ಹೊಸ ಕೈಚೀಲ ಕೊಂಡು ಹಳೆಯ ದಾಖಲೆಗಳ ಕಚೇರಿಗೆ ಎಡತಾಕತೊಡಗಿದೆ. ಬ್ರಿಟಿಷ್ ದಂಡಿನ ಕಾಲದ ಇಂಗ್ಲಿಷ್ ನಕ್ಷೆಗಳನ್ನು ಮೊದಲು ನೋಡಿದೆ. ಬಂಗಲೆಗಳ ಬಾವಿಗಳನ್ನೂ ಕುದುರೆ ಲಾಯಗಳನ್ನೂ ಬಿಡದೆ ಬರೆದವರ ಹಾಳೆಯಲ್ಲಿ ನಮ್ಮೂರಿನ ಸುಳಿವಿಲ್ಲ. ಕೊನೆಗೆ ದಂಡು ಬರುವುದಕ್ಕೂ ಮುಂಚಿನ ಕಾಗದಗಳ ಪಟ್ಟಿಯೊಂದರಲ್ಲಿ ತುಂಬೆಕುಂಟೆ ಸಿಕ್ಕಿತು. ನಕಲು ಕೈಗೆ ಬಂದಾಗ ನೋಡುತ್ತೇನೆ, ಒಂದೇ ಹಾಳೆ, ಪೂರ್ತಿ ಆ ಕಾಲದ ಕಚೇರಿಯ ಪಾರಸಿ. ಅಮ್ಮನಿಗೆ ತೋರಿಸಿದೆ. ಅವಳು ಮೂಗಿನ ಹತ್ತಿರ ಹಿಡಿದು, "ಇರುವೆ ಸಾಲು ಹೋದ ಹಾಗಿದೆ. ನಮ್ಮೂರಲ್ಲಿ ಇದನ್ನ ಯಾರ್ ಓದ್ತಿದ್ರು?" ಅಂದಳು.

ಓದುವವರು ಶಿವಾಜಿನಗರದಲ್ಲಿ ಸಿಕ್ಕರು. ಕಾಲೇಜಿನಲ್ಲಿ ಪಾರಸಿ ಪಾಠ ಹೇಳಿ ನಿವೃತ್ತರಾದ ಸಾಹೇಬರು. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಖರ್ಜೂರದ ಅಂಗಡಿಯ ಮೇಲಿನ ಮಹಡಿಯಲ್ಲಿ ಮನೆ. ಕಿಟಕಿ ತೆರೆದರೆ ಕೊತ್ತಂಬರಿ ವಾಸನೆ, ಮುಚ್ಚಿದರೆ ಹಳೆಯ ಪುಸ್ತಕದ ವಾಸನೆ. ಹಾಳೆ ನೋಡಿದ ಕೂಡಲೇ ಅವರು ಓದಲಿಲ್ಲ. ಅಕ್ಷರದ ಅಂದ ನೋಡಿದರು. ಒಂದು ಗೆರೆಯ ಬಾಗನ್ನು ಗಾಳಿಯಲ್ಲಿ ಬೆರಳಿಂದ ಬರೆದು ನಕ್ಕರು. ಚಹಾ ತರಿಸಿದರು. ಹೀಗೇ ಎಷ್ಟೋ ಮಧ್ಯಾಹ್ನಗಳು ಕಳೆದವು. ಒಂದು ಸಾಲು ಓದುವುದು, ಅದರಲ್ಲೊಂದು ಶಬ್ದ ಹಿಡಿದು ಎಲ್ಲಿಗೋ ಹೋಗುವುದು. ಈಚಲಿಗೆ ಪಾರಸಿಯಲ್ಲಿ ಸರಿಯಾದ ಹೆಸರಿಲ್ಲದೆ ಆ ಗುಮಾಸ್ತ ಕಾಡು ಖರ್ಜೂರ ಎಂದು ಬರೆದಿದ್ದಾನೆ ಎನ್ನುವುದಕ್ಕೆ ಒಂದು ಇಡೀ ದಿನ ಹೋಯಿತು, ಕೆಳಗಿನ ಅಂಗಡಿಯಿಂದ ಖರ್ಜೂರವೂ ಬಂತು. ಇತ್ತ ಅಮ್ಮನ ಕಣ್ಣು ಒಂದೊಂದೇ ಬಣ್ಣ ಬಿಡುತ್ತಿತ್ತು. ಅತ್ತ ನಾನು ಆ ಮಹಡಿಯ ಮಂಪರಿನಲ್ಲಿ ಸುಖವಾಗಿದ್ದೆ. ಕೇಳುತ್ತ ಕೂತರೆ ಮಾರುಕಟ್ಟೆಯ ಕೂಗೆಲ್ಲ ದೂರವಾಗಿ, ಕುದುರೆಯೊಂದು ಒಣಹುಲ್ಲಿನ ಮೇಲೆ ಮೆಲ್ಲಗೆ ನಡೆಯುವ ಸದ್ದು ಬರುತ್ತಿತ್ತು.

ಕಡೆಗೊಂದು ದಿನ ಹಾಳೆ ಮುಗಿಯಿತು. ಸಾಹೇಬರು ಮುಖ ಸಣ್ಣ ಮಾಡಿಕೊಂಡರು.

"ಇದು ಬರ್ದಿದ್ದು ಬಹಳ್ ಆಲಸಿ ಆದ್ಮಿ, ಅಮ್ಮಾ. ಊರ್ ಒಳಗೆ ಹೋಗೇ ಇಲ್ಲ. ಕುದ್ರೆ ಮೇಲೆ ಸುತ್ತಾ ಒಂದ್ ರೌಂಡ್ ಹೊಡ್ದವ್ನೆ, ಬರ್ದವ್ನೆ, ಊಟಕ್ಕೆ ಹೋಗವ್ನೆ."

"ಅಂದ್ರೆ?"

"ನೋಡಿ." ಅವರು ಮೇಜಿನ ಮೇಲೆ ಚಹಾದ ಲೋಟವನ್ನು ಒಂದು ಕಡೆ ಇಟ್ಟರು. "ಪಶ್ಚಿಮಕ್ಕೆ ದೊಮ್ಮಲೂರು ಹೊಲ." ಬಿಸ್ಕತ್ತಿನ ತಟ್ಟೆ ಇನ್ನೊಂದು ಕಡೆ. "ಪೂರ್ವಕ್ಕೆ ಕೆರೆ ಕೋಡಿ ಕಾಲ್ವೆ." ಕನ್ನಡಕದ ಡಬ್ಬಿ. "ಉತ್ತರಕ್ಕೆ ಹಲಸೂರ್ ರಸ್ತೆ." ಖರ್ಜೂರದ ಪೊಟ್ಟಣ. "ದಕ್ಷಿಣಕ್ಕೆ ಈಚಲು ತೋಪು. ಬಸ್. ನಡುವೆ ಏನೈತೆ? ಕುಚ್ ನಹೀ. ಖಾಲಿ."

ಅದು ಚೆಕ್ಕುಬಂದಿ. ನಮ್ಮ ಮನೆಪತ್ರಗಳಲ್ಲೂ ಇರುತ್ತದಲ್ಲ, ಮೂಡಲಿಗೆ ಇಂಥವರ ಮನೆ, ಪಡುವಲಿಗೆ ರಸ್ತೆ ಎಂದು. ಊರಮ್ಮನ ಹೆಸರಿಲ್ಲ, ಒಬ್ಬ ಮನುಷ್ಯನ ಹೆಸರಿಲ್ಲ, ಕುಂಟೆಯ ಸುದ್ದಿಯೂ ಇಲ್ಲ. ಲೋಟ, ತಟ್ಟೆ, ಡಬ್ಬಿ, ಪೊಟ್ಟಣದ ನಡುವೆ ಉಳಿದಿದ್ದ ಬೋಳು ಮೇಜನ್ನೇ ನಾನು ನೋಡುತ್ತ ಕೂತೆ. ಅಷ್ಟಗಲ ನಮ್ಮೂರು. ಸಾಹೇಬರು ಮೆಲ್ಲಗೆ ಅಂದರು: "ಬೇಜಾರ್ ಮಾಡ್ಕೋಬೇಡಿ. ಸುತ್ತ ಇರೋರು ಇನ್ನೂ ಇದ್ದಾರಲ್ಲ? ಅವ್ರನ್ನ ಹಿಡ್ಕೊಂಡ್ ಹೋಗಿ."

ಇದ್ದರು. ದೊಮ್ಮಲೂರು ಅಲ್ಲೇ ಇದೆ. ಹಲಸೂರಿನ ದಾರಿ ಅಗಲವಾಗಿದೆ, ಹೋಗುವುದು ಈಗಲೂ ಹಲಸೂರಿಗೇ. ಕೋಡಿ ಕಾಲುವೆ ರಾಜಕಾಲುವೆಯಾಗಿ, ಕಪ್ಪಗೆ ನಾರುತ್ತ ಹರಿಯುತ್ತಿದೆ. ಈಚಲು ತೋಪೊಂದು ಮಾತ್ರ ಹೋಗಿದೆ. ಆ ನಕಲು ಹಿಡಿದು, ಹೊಸ ಕೈಚೀಲ ಬಗಲಿಗೇರಿಸಿ, ಮೂಗು ಮುಚ್ಚಿಕೊಂಡು ಕಾಲುವೆಯ ಪಕ್ಕದಲ್ಲಿ ನಡೆದೆ. ಅಲ್ಲಿಂದ ದೊಮ್ಮಲೂರಿನ ಕಡೆಗೆ ತಿರುಗಿ ನಿಂತಾಗ ಎದುರಿಗಿದ್ದದ್ದು ಈ ಮೇಲ್ಸೇತುವೆ. ಹಬ್ಬದ ಹಿಟ್ಟು ಬೀಸಿಸಲು ಹೋಗುವಾಗಲೂ ಬರುವಾಗಲೂ ನಾನು ಬೈದುಕೊಂಡು ದಾಟುತ್ತಿದ್ದ ಜಾಗ.

ಮನೆಗೆ ಬಂದು ಫ್ಲ್ಯಾಟಿನ ನಡುವೆ ನಿಂತು ದಿಕ್ಕು ಲೆಕ್ಕ ಹಾಕಿದೆ. ಹಲಸೂರಿನ ಮನೆಯಲ್ಲಿ ಒಗೆಯುವ ಕಲ್ಲು ಸರಿಯಾಗಿ ಊರಿನ ಕಡೆಗೇ ಇತ್ತು. ಇಲ್ಲಿಗೆ ಬಂದ ಮೇಲೆ ಕಲ್ಲೆಲ್ಲಿ? ಅಮ್ಮ ವಾಷಿಂಗ್ ಮಷೀನನ್ನು ಕಲ್ಲಿನ ಸ್ಥಾನಕ್ಕೆ ಏರಿಸಿದ್ದಳು. ಪ್ರತಿ ಹಬ್ಬಕ್ಕೂ ಅದರ ಕಡೆಗೆ ದೀಪ. ಅದಿರುವುದು ಮೂಡಲಿಗೆ. ಊರಿರುವುದು ಪಡುವಲಿಗೆ, ಮುಂಬಾಗಿಲಿನ ಆಚೆ. ಅಷ್ಟು ವರ್ಷ ನಾವು ಮಷೀನಿಗೆ ಆರತಿ ಎತ್ತಿ ಊರಮ್ಮನಿಗೆ ಬೆನ್ನು ಹಾಕಿದ್ದೆವು! ಹೇಳುವುದೋ ಬೇಡವೋ ಎಂದು ಒದ್ದಾಡಿ ಹೇಳಿಯೇಬಿಟ್ಟೆ.

ಅಮ್ಮ ಬಾಯಿ ತುಂಬ ನಕ್ಕಳು. "ನಮಗೆ ಬೆನ್ನಿದೆ ಸರಿ. ದೀಪಕ್ಕೆಲ್ಲಿದೆಯೇ ಬೆನ್ನು?" ಅಂದಳು. ಆಮೇಲೆ ನಗು ನಿಲ್ಲಿಸಿ, "ಯಾವತ್ತು ಕರ್ಕೊಂಡ್ ಹೋಗ್ತೀಯ?" ಅಂತ ಕೇಳಿದಳು. ಆ ಹೊತ್ತಿಗೆ ಅವಳಿಗೆ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ನಾನು ಸಾಹೇಬರ ಚಹಾ ಕುಡಿಯುತ್ತ ಕೂತ ಆ ಮಧ್ಯಾಹ್ನಗಳಲ್ಲೇ ಉಳಿದದ್ದೆಲ್ಲ ಹೋಗಿತ್ತು.

ಹಬ್ಬದ ಬೆಳಗ್ಗೆ ಹೋದೆವು. ಮೇಲ್ಸೇತುವೆಯ ಕಂಬವೊಂದರ ಬುಡದ ಕಟ್ಟೆಯ ಮೇಲೆ ಬಾಳೆಲೆ ಹಾಸಿ, ತಂಬಿಟ್ಟಿನ ಉಂಡೆಯಿಟ್ಟು, ಅದರ ನೆತ್ತಿಯ ಗುಳಿಗೆ ತುಪ್ಪ ಬಿಟ್ಟೆ. ಬತ್ತಿ ಹೊತ್ತಿಸಿದ್ದು ಅಮ್ಮನೇ. ಬಸ್ಸು ಹೋದಾಗಲೆಲ್ಲ ಗಾಳಿ ನುಗ್ಗುತ್ತಿತ್ತು. ಪಕ್ಕದಲ್ಲಿ ಎಳನೀರು ಮಾರುತ್ತಿದ್ದ ಹೆಂಗಸು ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿ ತಂದು ಅಡ್ಡ ಹಿಡಿದಳು.

"ಏನಿದೆ ಇಲ್ಲಿ? ಹೇಳೇ," ಅಂದಳು ಅಮ್ಮ.

ಸುತ್ತ ನೋಡಿದೆ. ಸಿಮೆಂಟು, ಹೊಗೆ, ಹರಿದ ಪೋಸ್ಟರು. ಬಾಯಿಗೆ ಬಂದದ್ದು ಪಾರಸಿ ಹಾಳೆ. "ಪಡುವಲಿಗೆ ದೊಮ್ಮಲೂರಿನ ಹೊಲ ಇದೆಯಮ್ಮ. ಮೂಡಲಿಗೆ ಕೋಡಿ ಕಾಲುವೆ, ತೆಂಕಲಿಗೆ ಈಚಲು ತೋಪು. ನಡುವೆ ಕುಂಟೆ, ದಂಡೆ ತುಂಬ ತುಂಬೆ ಹೂ..."

"ಕಣ್ಣು ಹೋಗಿದೆ, ಕಿವಿ ಹೋಗಿಲ್ಲ ಕಣೇ. ಹಾರ್ನು ಕೇಳ್ತಿದೆ. ಇರೋದನ್ನ ಹೇಳು."

ಇದ್ದದ್ದನ್ನು ಹೇಳಿದೆ. ತುಂಬಿದ ಬಸ್ಸುಗಳು, ಫುಟ್‌ಬೋರ್ಡಿನ ಮೇಲೆ ಜೋತುಬಿದ್ದವರು, ಯೂನಿಫಾರಮ್ಮಿನ ಮಕ್ಕಳು, ಕೊರಳಿಗೆ ಆಫೀಸಿನ ಗುರುತಿನ ಚೀಟಿ ತೂಗುಹಾಕಿಕೊಂಡ ಹುಡುಗಿಯರು, ಹೂವಿನ ಗಾಡಿ, ಇಡ್ಲಿ ಗಾಡಿ, ಸಿಗ್ನಲ್ಲಿನಲ್ಲಿ ಜಗಳವಾಡುತ್ತಿರುವ ಇಬ್ಬರು, ನಮ್ಮ ದೀಪಕ್ಕೆ ರಟ್ಟು ಹಿಡಿದು ನಿಂತ ಹೆಂಗಸು. ಇದನ್ನು ತೋರಿಸಲು ಅವಳನ್ನು ಕರೆತಂದೆನಲ್ಲ ಎನಿಸಿತು.

ಅಮ್ಮನ ಮುಖ ಅರಳುತ್ತ ಹೋಯಿತು. "ಇಷ್ಟೊಂದು ಜನಾನಾ?"

"ಹೂಂ ಅಮ್ಮ."

"ದಿನಾಲೂ?"

"ದಿನಾಲೂ."

"ಹಾಗಾದ್ರೆ ಪಾಳು ಬಿದ್ದಿಲ್ಲ," ಅಂದಳು. ಮತ್ತೆ ತನಗೇ ಹೇಳಿಕೊಂಡಳು: "ನಮ್ಮೂರು ಪಾಳು ಬಿದ್ದಿಲ್ಲ." ಎರಡೂ ಕೈ ಮುಗಿದು, ಎಳನೀರಿನವಳಿಗೆ ತಂಬಿಟ್ಟು ಮುರಿದು ಕೊಟ್ಟಳು. ಹಾದುಹೋಗುವ ಬಸ್ಸುಗಳನ್ನು ನೋಡುತ್ತ ನಾನು ಚೆನ್ನಾಗಿ ಅತ್ತುಬಿಟ್ಟೆ.

ಅಮ್ಮ ಈಗಿಲ್ಲ. ಕಡೆಯವರೆಗೂ ನಾನು ತಡವಾಗಿ ಮನೆಗೆ ಬಂದರೆ "ಊರಲ್ಲಿ ಜನ ಇದ್ರಾ?" ಅಂತ ಕೇಳುತ್ತಿದ್ದಳು. ಕಾಲಿಡೋಕೆ ಜಾಗ ಇರಲಿಲ್ಲ ಅಂದರೆ ತೃಪ್ತಿಯಿಂದ ಮಗ್ಗುಲಾಗುತ್ತಿದ್ದಳು. ದೀಪವನ್ನು ಈಗ ಮನೆಯ ನಡುವೆ ಹಚ್ಚುತ್ತೇನೆ, ದಿಕ್ಕು ನೋಡುವುದಿಲ್ಲ.

ಮುಂದಿನ ಬಸ್ಸು ಇನ್ನೂ ಅಲುಗಾಡಿರಲಿಲ್ಲ. ಡಬ್ಬದ ಬಿಸಿ ಸೀರೆ ದಾಟಿ ತೊಡೆಗೆ ಹತ್ತಿತ್ತು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ, ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದರು.

"ಊರಿಗೆ ಹೋಗಲ್ವಾ ಮೇಡಂ, ಹಬ್ಬಕ್ಕೆ?"

ಎಡಗಡೆಯ ಕಂಬದ ಬುಡಕ್ಕೆ ಒಬ್ಬ ಬೈಕು ಒರಗಿಸಿಕೊಂಡು ಫೋನಿನಲ್ಲಿ ನಗುತ್ತಿದ್ದ. ಹಿಂದೆ ಮುಂದೆ ಎಲ್ಲರೂ ಒಟ್ಟಿಗೆ ಹಾರ್ನು ಒತ್ತುತ್ತಿದ್ದರು.

"ಬಂದಾಯ್ತಲ್ಲಪ್ಪ," ಅಂದೆ.