ಅಕ್ಕಡಿ ಕಾಳಿನ ಗಡಿಗೆ

ಚಳಿಗಾಲದ ಸಂಜೆ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಉಪ್ಪು ಹಾಕಿ ಬೇಯಿಸಿದ ತೊಗರಿಕಾಯಿ ಮಾರುತ್ತಿರುತ್ತಾರೆ. ಆ ಹಸಿರು ವಾಸನೆಗೆ ಬೇರೆಯವರ ಬಾಯಲ್ಲಿ ನೀರೂರುತ್ತದೆ, ನನಗೆ ಸಿಟ್ಟು ಬರುತ್ತದೆ. ಸಿಟ್ಟು ನಮ್ಮ ದೊಡ್ಡಪ್ಪನ ಮೇಲೆ. ಸತ್ತವರ ಮೇಲೆ ಇಷ್ಟು ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಅನ್ನಲಿ.

ತೊಂಬತ್ತರ ದಶಕದಲ್ಲಿ, ದೇವಸಮುದ್ರದ ಕಡೆಯ ನಮ್ಮ ಕೆಂಪು ಹೊಲದಲ್ಲಿ ಶೇಂಗಾ ಗಂಡಸರ ಬೆಳೆ, ಅಕ್ಕಡಿ ಹೆಂಗಸರ ಬೆಳೆ. ಶೇಂಗಾ ಸಾಲುಗಳ ನಡುನಡುವೆ ಒಂದೊಂದು ಸಾಲು ಬಿಟ್ಟು ತೊಗರಿ, ಅಲಸಂದೆ, ಅವರೆ ಬಿತ್ತುವುದೇ ಅಕ್ಕಡಿ. ಕೂರಿಗೆಯ ಹಿಂದೆ ನಡೆಯುತ್ತ ಆ ಕಾಳು ಬಿಡುವವಳು ಅವ್ವ. ಬೆಳೆದದ್ದೂ ಅವಳದೇ, ಅದರ ಲೆಕ್ಕ ಯಾರೂ ಕೇಳುವಂತಿರಲಿಲ್ಲ. ಶೇಂಗಾ ಮಂಡಿಗೆ ಹೋದರೆ ಅಕ್ಕಡಿ ಅಡುಗೆಮನೆಗೆ ಬರುತ್ತಿತ್ತು. ಶೇಂಗಾ ಕಿತ್ತ ಮೇಲೂ ತೊಗರಿ ಹೊಲದಲ್ಲಿ ನಿಂತಿರುತ್ತಿತ್ತು. ಅದರ ಎಲೆ ಉದುರಿ, ಕೊಳೆತು, ನೆಲ ಎಷ್ಟು ಮೆತ್ತಗಾಗುತ್ತಿತ್ತೆಂದರೆ ಬರಿಗಾಲಲ್ಲಿ ನಡೆದರೆ ಅಂಗಾಲು ತಣ್ಣಗಾಗುತ್ತಿತ್ತು. ಬೀಜದ ಕಾಳಿಗೆ ಬೂದಿ ಕಲಸಿ, ಮಣ್ಣಿನ ಗಡಿಗೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ ಅವ್ವ ಅಟ್ಟದ ಮೇಲಿಡುತ್ತಿದ್ದಳು. ಮನೆಯಲ್ಲಿ ಏನಿಲ್ಲದಿದ್ದರೂ ಆ ಗಡಿಗೆಗೆ ಕೈ ಹಾಕುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಗಡಿಗೆ ಇದ್ದಿರಬಹುದು.

ಒಂದು ವರ್ಷ ಮಂಡಿಯಲ್ಲಿ ಯಾರೋ ದೊಡ್ಡಪ್ಪನ ತಲೆಗೆ ತುಂಬಿದ್ದರು. "ಅಕ್ಕಡಿ ಸುಮ್ನೆ ಜಾಗ ತಿಂತೈತೆ. ಇನ್ಮೇಲೆ ಬರೀ ಶೇಂಗಾ" ಅಂದ. ಅವ್ವ ಭಾವನ ಎದುರು ನಿಂತು ಮಾತಾಡುವವಳಲ್ಲ. ಏನಿದ್ದರೂ ಬಾಗಿಲ ಮರೆಯಿಂದ ನನ್ನ ಕೈಲಿ ಹೇಳಿಸುತ್ತಿದ್ದಳು. ಅವತ್ತೂ ಹೇಳಿಸಿದಳು: "ನೆಲಕ್ಕೂ ಉಣ್ಣಾಕೆ ಬೇಕು ಅಂತ ಹೇಳೇ." ದೊಡ್ಡಪ್ಪ ನಕ್ಕ. ಅಪ್ಪ ಅಣ್ಣನ ಮುಖ ನೋಡಿ ಎತ್ತಿಗೆ ನೀರು ಕುಡಿಸಲು ಎದ್ದುಹೋದ. ಆದರೂ ಅವ್ವ ಬಿತ್ತಿದಳು. ಸಸಿ ಗೇಣುದ್ದ ಬಂದಾಗ ದೊಡ್ಡಪ್ಪ ಎತ್ತು ಕಟ್ಟಿ, ಬೇಕೆಂದೇ ಅಕ್ಕಡಿ ಸಾಲಿನ ಮೇಲೆ ಕುಂಟೆ ಹೊಡೆದ. ಬೇರು ಮೇಲಾಗಿ ಬಿದ್ದ ತೊಗರಿ ಸಸಿಗಳು ಮಧ್ಯಾಹ್ನದ ಹೊತ್ತಿಗೆ ಬಾಡಿದವು.

ಅವ್ವ ಅಳಲಿಲ್ಲ, ಜಗಳ ತೆಗೆಯಲಿಲ್ಲ. ಮಳೆ ಕೈಕೊಟ್ಟರೆ ಮತ್ತೆ ಬಿತ್ತಲೆಂದು ಅರ್ಧ ಬೀಜ ಉಳಿಸಿಕೊಳ್ಳುವುದು ಅವಳ ರೂಢಿ. ಗಡಿಗೆ ಇಳಿಸಿ ಅದಷ್ಟನ್ನೂ ತೊಳೆದು, ನೆನೆಹಾಕಿ, ಮಾರನೆಯ ದಿನ ಬೇಯಿಸಿದಳು. ಬೀಜದ ಕಾಳು ಬೇಯಿಸುವುದೆಂದರೆ ನಮ್ಮ ಕಡೆ ಮನೆಗೆ ಕೇಡು. ಅದು ಗೊತ್ತಿದ್ದೇ ಬೇಯಿಸಿದಳು. ದೊಡ್ಡಪ್ಪ ಮುದ್ದೆಗೆ ಮತ್ತೆ ಮತ್ತೆ ಹಾಕಿಸಿಕೊಂಡು, "ಸಾರು ಬಲೇ ಚೆನ್ನಾಗೈತೆ" ಅಂದ. ಅವ್ವ ಸೆರಗು ಎಳೆದುಕೊಂಡು ಇನ್ನೊಂದು ಸೌಟು ಬಡಿಸಿದಳು.

ಮೊದಲ ವರ್ಷ ಶೇಂಗಾ ಚೆನ್ನಾಗಿಯೇ ಬಂತು, ದೊಡ್ಡಪ್ಪ ಮೀಸೆ ತಿರುವಿದ. ಬರುಬರುತ್ತ ನೆಲ ಬಿಗಿಯಿತು. ಮಳೆ ಬಂದರೆ ನೀರು ಇಂಗದೆ ಹರಿದುಹೋಗುತ್ತಿತ್ತು, ಗಾಳಿ ಎದ್ದರೆ ಮೇಲ್ಮಣ್ಣು ಹಾರುತ್ತಿತ್ತು, ಗಿಡ ಕಿತ್ತರೆ ಕಾಯಿಗಿಂತ ಜೊಳ್ಳೇ ಜಾಸ್ತಿ. ಶೇಂಗಾ ಕೆಟ್ಟ ವರ್ಷ ಹೊಟ್ಟೆಗಾಗುತ್ತಿದ್ದ ತೊಗರಿಯೂ ಇಲ್ಲ. ಹೊಲ ಇಟ್ಟುಕೊಂಡವರು ನಾವು ಬೇಳೆಗೆ ಅಂಗಡಿಯ ಮುಂದೆ ನಿಂತೆವು.

ಕೊನೆಗೊಂದು ಮುಂಗಾರಿನಲ್ಲಿ ದೊಡ್ಡಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ನನ್ನನ್ನು ನಡುವೆ ಕರೆಯಲಿಲ್ಲ.

"ಈ ಸಲ ಅಕ್ಕಡಿ ಬಿತ್ತಾನ. ಆ ಗಡಿಗೆ ಇಳಿಸಮ್ಮ."

ಅವ್ವ ಮೊದಲ ಸಲ ಅವನ ಮುಖ ನೋಡಿ ಮಾತಾಡಿದಳು. "ಅದನ್ನ ನೀವೇ ಉಂಡ್ರಿ ಭಾವ. ಚೆನ್ನಾಗೈತೆ ಅಂದ್ರಿ."

ಬೀಜ ಬೇಯಿಸಿದ್ದು ಅವ್ವನದೇ ತಪ್ಪು ಅನ್ನುವವರು ನಮ್ಮ ನೆಂಟರಲ್ಲಿ ಈಗಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಅವ್ವನೂ ಈಗಿಲ್ಲ, ಮನೆ ಬಿದ್ದುಹೋಯಿತು, ಹೊಲ ಪಾಲಾಯಿತು. ತೊಗರಿ ಬೀಜ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತದೆ, ಆ ಗಡಿಗೆಯದು ಮಾತ್ರ ಎಲ್ಲೂ ಸಿಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಂದು ಪೊಟ್ಟಣ ಕೊಂಡು, ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಳ್ಳುತ್ತೇನೆ. ಇದು ಅದಲ್ಲ ಎಂದು ನಾಲಿಗೆಗೆ ಮೊದಲೇ ಗೊತ್ತು. ಆದರೂ ಪ್ರತಿ ಸಲ ಕೊಳ್ಳುತ್ತೇನೆ.