ಎಲೆ ಬಂತು, ಇಂಟರ್ನೆಟ್ ಹೋಯಿತು

ಮರಕ್ಕೆ ಎಲೆ ಬಂದರೆ ಇಂಟರ್ನೆಟ್ ಹೋಗುತ್ತದೆ ಎಂದು ನಿಮಗೆ ಗೊತ್ತಿತ್ತೇ?

ಗೊತ್ತಿಲ್ಲದಿದ್ದರೆ ನಿಮಗೇನೂ ನಷ್ಟವಿಲ್ಲ. ನನಗೂ ಹೋದ ತಿಂಗಳವರೆಗೆ ಗೊತ್ತಿರಲಿಲ್ಲ. ಆದರೆ ನಾನು ಇಂಟರ್ನೆಟ್ ಮಾರಿ ಹೊಟ್ಟೆ ಹೊರೆಯುವವನು!

ಹಳೆಯ ಓದುಗರಿಗೆ ನನ್ನ ಹೊಸ ಕಸುಬಿನ ಪರಿಚಯವಿದೆ. ಹೊಸಬರಿಗಾಗಿ ಚುಟುಕಾಗಿ ಹೇಳುತ್ತೇನೆ. ಡಾಲಸ್ ಪಕ್ಕದ ಲಾಸ್ ಕೊಲಿನಾಸ್‌ನಲ್ಲಿ ಒಂದು ಟೆಲಿಕಾಂ ಕಂಪನಿಯ ಎಂಟನೇ ಮಹಡಿಯಲ್ಲಿ ಕೂತು ಕೋಡ್ ಬರೆಯುತ್ತಿದ್ದೆ. ಡಾಟ್‌ಕಾಮ್ ಗುಳ್ಳೆ ಒಡೆಯಿತು, ಲೇಆಫ್ ಆಯಿತು. ಗ್ರೀನ್ ಕಾರ್ಡ್ ಬಂದಿದ್ದರಿಂದ ಗಂಟುಮೂಟೆ ಕಟ್ಟುವ ಕಷ್ಟ ತಪ್ಪಿತು. ಗೆಳೆಯ ಶಿವಾನಂದನ ಜೊತೆ ಸೇರಿ ಒಂದು ಪುಟ್ಟ ವೈರ್‌ಲೆಸ್ ಇಂಟರ್ನೆಟ್ ಕಂಪನಿ ತೆರೆದೆ.

ಜಾಗ ಡಾಲಸ್‌ನ ಉತ್ತರಕ್ಕಿರುವ ಪ್ರಾಸ್ಪರ್ ಎಂಬ ಊರು. ಅಲ್ಲಿ ಹೊಸ ಬಡಾವಣೆಗಳು ಒಂದರ ಹಿಂದೊಂದು ಏಳುತ್ತಿವೆ. ಅವುಗಳನ್ನು ದಾಟಿದರೆ ಹೊಲ, ಕುದುರೆ, ದೂರ ದೂರಕ್ಕೆ ಒಂದೊಂದು ಹಳೆಯ ಮನೆ. ಆ ಮನೆಗಳಿಗೆ ಕೇಬಲ್ ಎಳೆಯಲು ದೊಡ್ಡ ಕಂಪನಿಗಳಿಗೆ ಪುರುಸೊತ್ತಿಲ್ಲ. ನಮಗೆ ಬೇಕಾದಷ್ಟಿತ್ತು. ರೈತನೊಬ್ಬನ ಕಾಳು ತುಂಬುವ ಎತ್ತರದ ಸೈಲೋ ನೆತ್ತಿಯ ಮೇಲೆ ನಮ್ಮ ದೊಡ್ಡ ಆಂಟೆನಾ. ಗಿರಾಕಿಯ ಸೂರಿನ ಮೇಲೆ ಒಂದು ಚಿಕ್ಕ ಆಂಟೆನಾ. ಎರಡೂ ಒಂದನ್ನೊಂದು ನೇರ ನೋಡುತ್ತಿರಬೇಕು, ನಡುವೆ ಏನೂ ಅಡ್ಡ ಇರಬಾರದು. ನಮ್ಮ ವ್ಯಾಪಾರ ಇಷ್ಟೇ.

ಶಿವಾನಂದ ಧಾರವಾಡದವನು. ಅವನ ನೌಕರಿ ಇನ್ನೂ ಉಳಿದಿದೆ, ಹಾಗಾಗಿ ಸಂಜೆ ಮತ್ತು ಶನಿವಾರ ಮಾತ್ರ ಸಿಗುತ್ತಾನೆ. ಕಸ್ಟಮರ್ ಸಪೋರ್ಟ್ ನನ್ನ ಹೆಂಡತಿ ಸುಧಾ. (ಅಂದರೆ ನಮ್ಮ ಅಡುಗೆಮನೆಯ ಫೋನು.)

ಜನವರಿಯಲ್ಲಿ ಸರ್ವೆ ಮಾಡಿದೆವು. ಗಿರಾಕಿಯ ಸೂರು ಹತ್ತುವುದು, ಬೈನಾಕ್ಯುಲರ್ ಹಿಡಿಯುವುದು, ಸೈಲೋ ಕಂಡರೆ ಟಿಕ್ ಹಾಕುವುದು. ಯಾವ ಮನೆಯಿಂದ ನೋಡಿದರೂ ಸೈಲೋ ಕಾಣುತ್ತಿತ್ತು. ಎಂಥ ಒಳ್ಳೆಯ ಊರು, ಎಲ್ಲೂ ಅಡ್ಡಿಯೇ ಇಲ್ಲವಲ್ಲ ಎಂದು ನಾವಿಬ್ಬರೂ ಹಿಗ್ಗಿದೆವು.

ಅಡ್ಡಿ ಇತ್ತು. ಬರೀ ಕೊಂಬೆಯಾಗಿ, ಬೋಳಾಗಿ, ನಮ್ಮ ಕಣ್ಣ ಮುಂದೆಯೇ ನಿಂತಿತ್ತು.

ನಮ್ಮ ಮೊದಲ ಗಿರಾಕಿಗಳಲ್ಲಿ ಮಿಸ್ ರೂತ್ ಒಬ್ಬರು. ಅರವತ್ತು ದಾಟಿದ ಒಂಟಿ ಹೆಂಗಸು. ಹುಟ್ಟಿದ ಮನೆಯಲ್ಲೇ ಇದ್ದಾರೆ. ಡಾಕ್ಟರುಗಳು ರೋಗಿಯ ವಿವರವನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರಲ್ಲ, ಅದನ್ನು ಕೇಳಿಸಿಕೊಂಡು ಟೈಪ್ ಮಾಡಿ ಕಳಿಸುವುದು ಅವರ ಕೆಲಸ. ಕಿವಿಗೆ ಹೆಡ್‌ಫೋನ್, ಕಾಲಡಿ ಹೊಲಿಗೆ ಮಿಷನ್ನಿನಂಥ ಪೆಡಲ್. ಒತ್ತಿದರೆ ಡಾಕ್ಟರ್ ಮಾತಾಡುತ್ತಾನೆ, ಬಿಟ್ಟರೆ ಸುಮ್ಮನಾಗುತ್ತಾನೆ. ಮೊದಲು ಟೇಪು ಕೊರಿಯರ್‌ನಲ್ಲಿ ಬರುತ್ತಿತ್ತಂತೆ. ಈಗ ಕಂಪನಿಯವರು ಎಲ್ಲವನ್ನೂ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಕೆಲವೇ ಗಂಟೆಗಳಲ್ಲಿ ವಾಪಸ್ ಕಳಿಸಬೇಕು. ಮೂರು ಸಲ ತಡವಾದರೆ ಕೆಲಸ ಹೋಯಿತು. "ಅರ್ಧ ಕೆಲಸ ಆಗಲೇ ಬೇರೆ ದೇಶಕ್ಕೆ ಹೋಗಿದೆ" ಎಂದು ಅವರು ಹೇಳಿದ್ದರು. (ಯಾವ ದೇಶಕ್ಕೆ ಎಂದು ನಾನು ಕೇಳಲಿಲ್ಲ. ನನ್ನ ಮುಖ ನೋಡಿ ಅವರೂ ಹೇಳಲಿಲ್ಲ.)

ಅವರ ಅಂಗಳದಲ್ಲಿ ಅಕ್ರೋಟಿನ ಬಳಗದ ಒಂದು ಪೆಕಾನ್ ಮರ. ಅವರಪ್ಪ ನೆಟ್ಟದ್ದು. ಜನವರಿಯ ಆ ದಿನ ಸೂರಿನ ಮೇಲಿಂದ ಇಳಿದವನಿಗೆ ಮಿಸ್ ರೂತ್ ಕಾಫಿ ಕೊಟ್ಟರು, ಜೊತೆಗೆ ಒಂದು ಚೀಲ ಪೆಕಾನ್ ಕಾಯಿ. ಆಮೇಲೆ ಸೈಲೋ ಕಡೆ ಕೈ ತೋರಿಸಿ ಕೇಳಿದರು, "ಈಗೇನೋ ಕಾಣ್ತಿದೆ ಹನಿ, ಮರ ಚಿಗುರಿದ ಮೇಲೆ?"

(ಟೆಕ್ಸಸ್‌ನಲ್ಲಿ ದಿನಸಿ ಅಂಗಡಿಯ ಅಜ್ಜಿಯೂ ಗಿರಾಕಿಯನ್ನು ಹನಿ, ಅಂದರೆ ಜೇನು, ಎನ್ನುತ್ತಾಳೆ. ಸುಧಾ ಮೊದಲ ಸಲ ಕೇಳಿದಾಗ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ್ದಳು.)

ನಾನೇನು ಹೇಳಿದೆ? "ನೋ ಪ್ರಾಬ್ಲಮ್ ಮ್ಯಾಮ್!"

ಪ್ರಶ್ನೆ ಅರ್ಥವಾಗಿತ್ತು. ಯೋಚಿಸಲಿಲ್ಲ, ಅಷ್ಟೇ. ನಮ್ಮವರ ಬಾಯಲ್ಲಿ ಈ ನೋ ಪ್ರಾಬ್ಲಮ್ ಎಂಬುದು ಸೀನಿನಷ್ಟೇ ತಾನಾಗಿ ಬರುತ್ತದೆ. ಮ್ಯಾನೇಜರ್ ಸೋಮವಾರದೊಳಗೆ ಆಗುತ್ತಾ ಅಂದರೆ ನೋ ಪ್ರಾಬ್ಲಮ್. ನೆಂಟರು ಎಂಟು ಜನ ಬರಲಾ ಅಂದರೆ ನೋ ಪ್ರಾಬ್ಲಮ್. ಪೂರ್ತಿ ಪ್ರಶ್ನೆ ಕೇಳುವ ಮೊದಲೇ ಉತ್ತರ ಹೊರಟಿರುತ್ತದೆ. ಹಾಗೆ ಹೇಳಿದರೆ ಎದುರಿನವರಿಗೆ ಸಮಾಧಾನ, ನಮಗೂ ದೊಡ್ಡವರಾದಂತೆ. ಪ್ರಾಬ್ಲಮ್ ಮಾತ್ರ ಎಲ್ಲಿತ್ತೋ ಅಲ್ಲೇ ಇರುತ್ತದೆ.

ಫೆಬ್ರವರಿ, ಮಾರ್ಚ್ ಹಬ್ಬದಂತೆ ಕಳೆದವು. ಗಿರಾಕಿಗಳು ಖುಷಿ, ನಾವೂ ಖುಷಿ. ಏಪ್ರಿಲ್‌ನಲ್ಲಿ ಕನ್ನಡ ಸಂಘದವರು ಅನುಕೂಲದ ಶನಿವಾರ ನೋಡಿ ಯುಗಾದಿ ಇಟ್ಟರು. ನಾನು ಕಮಿಟಿ ಮೆಂಬರು, ಸ್ವಾಗತ ಭಾಷಣ ನನ್ನದು. ಸ್ಕೂಲ್ ಆಡಿಟೋರಿಯಂನ ವೇದಿಕೆ, ನೆತ್ತಿಯ ಮೇಲೆ ಪ್ಲಾಸ್ಟಿಕ್ ಮಾವಿನ ತೋರಣ. ಚಿಗುರು ಎಂದರೆ ಹೊಸತನ, ಪ್ರಕೃತಿ ಮೈ ಕೊಡವಿ ಏಳುತ್ತದೆ ಎಂದೆಲ್ಲ ಏಳು ನಿಮಿಷ ಕೊರೆದೆ. ಜೋರು ಚಪ್ಪಾಳೆ ಬಿತ್ತು.

ವೇದಿಕೆ ಇಳಿಯುವಾಗ ಸುಧಾ ಮೊಬೈಲ್ ಹಿಡಿದು ನಿಂತಿದ್ದಳು. "ರೀ, ಮೂರು ಮನೆಯವರು ಫೋನ್ ಮಾಡಿದ್ರು. ಬೆಳಗ್ಗೆಯಿಂದ ಇಂಟರ್ನೆಟ್ ಇಲ್ವಂತೆ."

ಸೋಮವಾರದ ಹೊತ್ತಿಗೆ ಮೂರು ಹೋಗಿ ಒಂಬತ್ತಾಯಿತು.

ನಾನು ಸೈಲೋ ಹತ್ತಿದೆ, ಕೇಬಲ್ ಬದಲಿಸಿದೆ, ಎರಡು ಮನೆಗಳ ರೇಡಿಯೋ ಕಿತ್ತು ಹೊಸದು ಹಾಕಿದೆ. ಶಿವಾನಂದ ಲ್ಯಾಪ್‌ಟಾಪ್ ಮುಂದೆ ಕೂತು ತಲೆ ಕೆರೆದುಕೊಂಡ. "ಯಾರೋ ನಮ್ಮ ಫ್ರೀಕ್ವೆನ್ಸಿ ಮ್ಯಾಲ ಬಂದು ಕುಂತಾರ ನೋಡಪಾ. ಇದು ಕಾಂಪಿಟಿಶನ್ ಮಂದೀದ ಕೆಲಸ." ನಾನು ಹೊಸ ಕಾರ್ಡ್‌ಲೆಸ್ ಫೋನುಗಳ ಮೇಲೆ ಅನುಮಾನಪಟ್ಟೆ. ಮೈಕ್ರೋವೇವ್ ಅವನ್ ಮೇಲೂ ಪಟ್ಟೆ. ಸುಧಾ ಒಂದು ಮಾತು ಹೇಳಿದಳು. "ಗಾಳಿ ಬೀಸಿದಾಗ ಹೋಗತ್ತೆ, ನಿಂತಾಗ ಸ್ವಲ್ಪ ಬರತ್ತೆ ಅಂತಿದಾರೆ ಎಲ್ಲರೂ." ಇಬ್ಬರು ಎಂಜಿನಿಯರುಗಳೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಳಿಗೂ ಇಂಟರ್ನೆಟ್ಟಿಗೂ ಎಲ್ಲಿಯ ಸಂಬಂಧ?

ಮಂಗಳವಾರ ಮಿಸ್ ರೂತ್ ಮನೆಗೆ ಹೋದೆ. ಅವರು ಬಾಗಿಲಲ್ಲೇ ಕಾಯುತ್ತಿದ್ದರು. "ಎರಡು ಸಲ ತಡವಾಯ್ತು ಹನಿ" ಎಂದರು, "ಇನ್ನೊಂದೇ ಉಳಿದಿರೋದು." ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಏಣಿ ಹಾಕಿ ಸೂರು ಹತ್ತಿ ಬೈನಾಕ್ಯುಲರ್ ಎತ್ತಿದೆ. ಸೈಲೋ ಇಲ್ಲ! ಅಷ್ಟು ದೊಡ್ಡ ಸೈಲೋ ಎಲ್ಲಿ ಹೋಯಿತು? ಬೈನಾಕ್ಯುಲರ್ ಇಳಿಸಿದೆ. ಎದುರಿಗೆ ಹಸಿರು ಗೋಡೆ. ಜನವರಿಯಲ್ಲಿ ಒಣಗಿದ ಪೊರಕೆಯಂತಿದ್ದ ಮರ ಎಳೆ ಎಲೆ ತುಂಬಿಕೊಂಡು ಗಾಳಿಗೆ ಓಲಾಡುತ್ತಿತ್ತು. ಎಲೆಯೊಳಗೆ ನೀರು. ನಮ್ಮ ರೇಡಿಯೋ ಅಲೆಯನ್ನು ನೀರು ನುಂಗುತ್ತದೆ ಎಂದು ಕಾಲೇಜಿನಲ್ಲಿ ಓದಿ, ಬರೆದು, ಪಾಸಾದವನು ನಾನು.

ಆರು ವರ್ಷ ಈ ಊರಿನಲ್ಲಿದ್ದೇನೆ. ಯಾವ ಫ್ರೀವೇಯಿಂದ ಎಲ್ಲಿ ಎಕ್ಸಿಟ್ ತೆಗೆದುಕೊಳ್ಳಬೇಕು ಎಂದು ನಿದ್ದೆಯಲ್ಲೂ ಹೇಳಬಲ್ಲೆ. ಒಂದೇ ಒಂದು ಮರವನ್ನು ನೆಟ್ಟಗೆ ನೋಡಿರಲಿಲ್ಲ! ನನ್ನ ಮೈಸೂರಿನ ಬೀದಿಯಲ್ಲಿ ಒಂದು ಮರ ಎಲೆ ಉದುರಿಸಿದರೆ ಪಕ್ಕದ್ದು ಹಸಿರಾಗಿಯೇ ಇರುತ್ತಿತ್ತು. ಇಡೀ ಊರಿಗೆ ಊರೇ ಬೋಳಾಗಿ, ಇಡೀ ಊರಿಗೆ ಊರೇ ತುಂಬಿಕೊಳ್ಳುತ್ತದೆ ಎಂಬುದು ತಲೆಗೇ ಹೊಳೆದಿರಲಿಲ್ಲ. ಅದೂ ಮೂರು ದಿನದ ಹಿಂದೆ ಚಿಗುರಿನ ಬಗ್ಗೆ ಭಾಷಣ ಬಿಗಿದವನಿಗೆ!

ಇಳಿದು ಬಂದೆ. ಮಿಸ್ ರೂತ್ ನನ್ನ ಮುಖವನ್ನೇ ನೋಡುತ್ತಿದ್ದರು. ಏನಾದರೂ ಹೇಳಬೇಕಲ್ಲ. "ಈ ಮರ ಒಂದು ಇಲ್ಲದಿದ್ದರೆ..." ಎಂದೆ. ನೋಡುತ್ತೇನೆ, ಫೋನ್ ಮಾಡುತ್ತೇನೆ ಎಂದು ಟ್ರಕ್ ಹತ್ತಿದೆ.

ದಾರಿ ಅದೇ ಸಂಜೆ ಸಿಕ್ಕಿತು. ಶಿವಾನಂದ ಜನವರಿಯ ಸರ್ವೆಯಲ್ಲಿ ತೆಗೆದಿದ್ದ ಫೋಟೋಗಳನ್ನು ಹರಡಿಕೊಂಡು ಲೆಕ್ಕ ಹಾಕಿದ. ಮಿಸ್ ರೂತ್ ಮನೆಯ ಹಿಂದೆ ಒಂದು ಖಾಲಿ ಕೊಟ್ಟಿಗೆ ಇದೆ. ಅದರ ಆಚೆ ಮೂಲೆಗೆ ಮೂವತ್ತಡಿ ಪೈಪ್ ನಿಲ್ಲಿಸಿ ಆಂಟೆನಾ ಕಟ್ಟಿದರೆ, ಮರದ ಪಕ್ಕದಿಂದ ಸೈಲೋ ಕಾಣುತ್ತದೆ. ಮರಕ್ಕೂ ತೊಂದರೆಯಿಲ್ಲ, ಮಿಸ್ ರೂತ್‌ಗೂ ಇಲ್ಲ. ಹೂಸ್ಟನ್ ಕಡೆಯ ಸೈಪ್ರೆಸ್‌ನಲ್ಲಿ ನಮ್ಮಂತೆಯೇ ವೈರ್‌ಲೆಸ್ ಕಂಪನಿ ತೆರೆದು ಮುಚ್ಚಿದ ಗೆಳೆಯನೊಬ್ಬನಿದ್ದಾನೆ. ಅವನ ಗ್ಯಾರೇಜಿನಲ್ಲಿ ಅಂಥ ಪೈಪುಗಳು, ಅವನ್ನು ಜೋಡಿಸುವ ಕ್ಲಾಂಪುಗಳು ಬಿದ್ದಿದ್ದವು. ಶುಕ್ರವಾರ ರಜೆ ಹಾಕಿ ಹೋಗಿ ತರುತ್ತೇನೆ ಎಂದ ಶಿವಾನಂದ. ಶನಿವಾರ ನಿಲ್ಲಿಸಿಬಿಡುವುದು ಎಂದಾಯಿತು.

ಬುಧವಾರ ಸುಧಾ ಹೇಳಿದಳು, "ಅವರಿಗೊಂದು ಫೋನ್ ಮಾಡಿ ಹೇಳಿ, ಪಾಪ." ಪೈಪ್ ಕೈಗೆ ಬರಲಿ ಎಂದೆ.

ಗುರುವಾರ ಆನ್ಸರಿಂಗ್ ಮೆಷಿನ್‌ನಲ್ಲಿ ಮಿಸ್ ರೂತ್ ದನಿ ಇತ್ತು. "ಹನಿ, ಚರ್ಚಿನ ಆಫೀಸ್ ಕಂಪ್ಯೂಟರ್‌ನಲ್ಲಿ ಹೇಗೋ ಕೆಲಸ ಮಾಡ್ತಿದೀನಿ. ನಾಳೆವರೆಗೆ ಮಾತ್ರ ಕೊಡ್ತಾರಂತೆ. ಏನಾದ್ರೂ ಗೊತ್ತಾಯ್ತಾ, ಒಂದು ಫೋನ್ ಮಾಡ್ತೀಯಾ?" ಸುಧಾ ಅದನ್ನು ನನಗೆ ಎರಡು ಸಲ ಕೇಳಿಸಿದಳು. "ಈಗಲಾದ್ರೂ ಮಾಡಿ."

"ಪೈಪ್ ಸಿಗದೇ ಹೋದ್ರೆ? ಕ್ಲಾಂಪ್ ಕೂರದೇ ಇದ್ರೆ? ಆಮೇಲೆ ಇನ್ನೊಂದ್ಸಲ ಸಾರಿ ಹೇಳ್ಬೇಕಲ್ಲ" ಎಂದೆ ನಾನು. "ಶನಿವಾರ ನೇರ ಹೋಗಿ ನಿಲ್ಲಿಸಿಬಿಡ್ತೀನಿ. ಅವರಿಗೂ ಆಶ್ಚರ್ಯ ಆಗ್ಲಿ."

ಇದು ಬುದ್ಧಿವಂತಿಕೆ ಅಲ್ಲ, ನಾಚಿಕೆ. ಬಾಯಿಬಿಟ್ಟು ಹೇಳಿಬಿಡುತ್ತೇನೆ. ಗೆದ್ದಮೇಲೆ ಮಾತ್ರ ಫೋನ್ ಮಾಡುವ ರೋಗ ನಮಗಿದೆ. ಕೆಲಸ ಸಿಕ್ಕಮೇಲೆ ಊರಿಗೆ ಫೋನ್ ಮಾಡುತ್ತೇವೆ, ಹೋದಾಗ ತಿಂಗಳುಗಟ್ಟಲೆ ಸುಮ್ಮನಿರುತ್ತೇವೆ. (ಲೇಆಫ್ ಆದಾಗ ನಾನು ಎಷ್ಟು ದಿನ ಅಪ್ಪನಿಗೆ ಆಫೀಸ್ ಚೆನ್ನಾಗಿದೆ ಎಂದು ಹೇಳುತ್ತಿದ್ದೆ ಎಂಬುದನ್ನು ಬರೆಯಲಾರೆ.) ಅರ್ಧ ಸುದ್ದಿ ಹೇಳಿದರೆ ಮರ್ಯಾದೆ ಹೋದೀತು ಎಂಬ ಭಯ. ಆ ಕಡೆ ಕಾಯುತ್ತಿರುವವರಿಗೆ ಅರ್ಧ ಸುದ್ದಿಯೇ ಬೇಕಾಗಿರಬಹುದು ಎಂಬುದು ಯಾರಿಗೆ ಹೊಳೆಯುತ್ತದೆ? ಜನರಿಗೆ ಸಂಪರ್ಕ ಮಾರುವ ಕಂಪನಿಯ ಮಾಲೀಕ ನಾಲ್ಕು ದಿನ ಒಂದು ಫೋನ್ ಮಾಡಲಿಲ್ಲ!

ಶನಿವಾರ ಬೆಳಗ್ಗೆ ಟ್ರಕ್ಕಿನ ಮೇಲೆ ಪೈಪ್ ಬಿಗಿದು, ಹಿಂದೆ ಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟಿ ಹೊರಟೆ. ಶಿವಾನಂದ ಇನ್ನೊಂದು ಮನೆ ಮುಗಿಸಿ ಹಿಂದೆ ಬರುವವನಿದ್ದ. ಮನಸ್ಸು ಹಗುರವಾಗಿತ್ತು. ಮಿಸ್ ರೂತ್ ಮುಖ ಹೇಗೆ ಅರಳುತ್ತದೆ ಎಂದು ಊಹಿಸಿಕೊಂಡು ದಾರಿಯುದ್ದಕ್ಕೂ ನಗುತ್ತಿದ್ದೆ.

ಗೇಟಿನೊಳಗೆ ತಿರುಗಿಸಿದೆ. ತಪ್ಪು ಮನೆಗೆ ಬಂದೆ ಅನ್ನಿಸಿತು. ಅಂಗಳದಲ್ಲಿ ಏನೋ ಹೆಚ್ಚು ಬೆಳಕು. ಮನೆ ಚಿಕ್ಕದಾಗಿ ಕಂಡಿತು. ಇನ್ನೊಂದು ಕ್ಷಣ ಬೇಕಾಯಿತು ತಿಳಿಯಲು.

ಮರ ಇರಲಿಲ್ಲ.

ನೆಲದಲ್ಲಿ ಊಟದ ಟೇಬಲ್ಲಿನಷ್ಟು ಅಗಲದ ಬುಡ, ಸುತ್ತ ಹಸಿ ಮರದ ಪುಡಿ. ಬೇಲಿಯ ಪಕ್ಕ ತುಂಡುಗಳನ್ನು ಒಟ್ಟಿದ್ದರು. ಅದರ ಮೇಲೆ ಎಳೆ ಎಲೆಗಳಿದ್ದ ಕೊಂಬೆಗಳು, ಇನ್ನೂ ಬಾಡಿರಲಿಲ್ಲ. ಟ್ರಕ್ಕಿನಿಂದ ಇಳಿದು ಕಿಟಕಿಯ ಹತ್ತಿರ ಹೋದೆ. ಒಳಗೆ ಮಿಸ್ ರೂತ್ ಹೆಡ್‌ಫೋನ್ ಹಾಕಿಕೊಂಡು ಪೆಡಲ್ ಒತ್ತುತ್ತಾ ಟೈಪ್ ಮಾಡುತ್ತಿದ್ದರು. ನನ್ನನ್ನು ನೋಡಿ ಒಂದು ಬೆರಳೆತ್ತಿದರು, ಒಂದು ನಿಮಿಷ ಇರು ಎಂಬಂತೆ.

ಹೊರಗೆ ಬಂದವರ ಮುಖದಲ್ಲಿ ನಗು. "ನಿನ್ನ ಇಂಟರ್ನೆಟ್ ಎಷ್ಟು ಚೆನ್ನಾಗಿ ಓಡ್ತಿದೆ ನೋಡು ಹನಿ! ಬೆಳಗ್ಗೆಯಿಂದ ಒಂದ್ಸಲಾನೂ ನಿಂತಿಲ್ಲ. ಕೆಲಸ ಉಳೀತು."

"ಮರ..." ಎಂದೆ.

"ನಿನ್ನೆ ಸಂಜೆ ಕಡಿಸಿದೆ. ಮರ ಒಂದು ಇಲ್ಲದಿದ್ರೆ ಅಂತ ನೀನೇ ಅಂದ್ಯಲ್ಲ. ಆಮೇಲೆ ನಿನ್ನ ಫೋನೂ ಬರಲಿಲ್ಲ. ಬೇರೆ ದಾರಿ ಇಲ್ಲ, ಹೇಳೋಕೆ ಸಂಕೋಚಪಡ್ತಿದಾನೆ ಅಂದ್ಕೊಂಡೆ." ನನ್ನ ಭುಜ ತಟ್ಟಿದರು. "ಬೇಜಾರು ಮಾಡ್ಕೋಬೇಡ. ಅಪ್ಪ ಇದ್ದಿದ್ರೆ ಮೊದ್ಲು ಬೈತಿದ್ದ, ಆಮೇಲೆ ಕೆಲಸ ಮುಖ್ಯ ಅಂತ ಅವನೇ ಕೊಡಲಿ ತರ್ತಿದ್ದ."

ಅವರು ನನಗೆ ಸಮಾಧಾನ ಹೇಳುತ್ತಿದ್ದರು! ನಾನು ಬುಡವನ್ನು ನೋಡುತ್ತಾ ನಿಂತಿದ್ದೆ. ಹೇಳಿಬಿಡಬೇಕು, ಈಗಲಾದರೂ ಹೇಳಿಬಿಡಬೇಕು ಎಂದುಕೊಂಡೆ. ಅಷ್ಟರಲ್ಲಿ ಅವರ ಕಣ್ಣು ಟ್ರಕ್ಕಿನ ಕಡೆ ಹೋಯಿತು.

"ಅಷ್ಟುದ್ದ ಪೈಪ್ ಯಾಕೆ?"

"ಬೇರೆ ಒಂದು ಮನೆಗೆ" ಎಂದೆ. ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು.

ಮಿಸ್ ರೂತ್ ಪೈಪನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದರು. ಕೊಟ್ಟಿಗೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿ ಕೇಳಿದರು:

"ಅವರ ಮನೇಲೂ ಮರ ಇದೆಯಾ?"