ಮದುವೆ ಕಾರಿನ ಕೀ ಕೊಡದ ಜಂಪಣ್ಣ

ಬೆಳಗಿನ ಜಾವ ಐದು ಗಂಟೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ಶೆಡ್ಡಿನಲ್ಲಿ ಜಂಪಣ್ಣ ಉದ್ದನೆಯ ಬಿಳಿ ಫಾರಿನ್ ಕಾರಿಗೆ ನೀರು ಹಾಕುತ್ತಿದ್ದಾರೆ. ಗಾಳಿಯಲ್ಲಿ ಶೇಂಗಾ ಹಿಂಡಿಯ ವಾಸನೆ. ಗಾಜು ಒರೆಸಿ, ಚಕ್ರದ ಸಂದಿಗೆ ಕೈ ಹಾಕಿ ಮಣ್ಣು ತೆಗೆದು, ಬಾನೆಟ್ಟಿನ ಮೇಲೆ ಒಣ ಬಟ್ಟೆ ಆಡಿಸುತ್ತಾರೆ. ಆಮೇಲೆ ಕಾರಿನೊಳಗಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿನ ವಿಮೆ ಕಾಗದವನ್ನು ಟಾರ್ಚಿನ ಬೆಳಕಿಗೆ ಹಿಡಿದು ತಾರೀಖು ನೋಡುತ್ತಾರೆ. ರಾತ್ರಿ ಕಳೆಯುವುದರಲ್ಲಿ ತಾರೀಖು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಅವರಿಗೂ ಗೊತ್ತು. ಆದರೂ ಆರು ವರ್ಷದಿಂದ ಒಂದು ದಿನವೂ ನೋಡದೆ ಗಾಡಿ ಎತ್ತಿಲ್ಲ.

ಇವತ್ತಿನ ಮದುವೆ ಮೊಳಕಾಲ್ಮೂರಿನಲ್ಲಿ. ರೇಷ್ಮೆ ಸೀರೆ ನೇಯುವ ರಂಗಯ್ಯನವರ ಮಗಳು ದಿವ್ಯಶ್ರೀಯನ್ನು ದೇವಸ್ಥಾನದಿಂದ ಕಲ್ಯಾಣ ಮಂಟಪಕ್ಕೆ ಕರೆದೊಯ್ಯಬೇಕು. ದೂರ ಹೆಚ್ಚೆಂದರೆ ನಾನೂರು ಮೀಟರು. ಆ ನಾನೂರು ಮೀಟರಿಗಾಗಿ ಕಾರು ನಲವತ್ತೈದು ಕಿಲೋಮೀಟರು ಹೋಗಬೇಕು, ಮತ್ತೆ ಅಷ್ಟೇ ವಾಪಸು ಬರಬೇಕು. ಜಂಪಣ್ಣನವರಿಗೆ ದಿನಕ್ಕೆ ಮುನ್ನೂರೈವತ್ತು ರೂಪಾಯಿ, ಊಟ ಮದುವೆ ಮನೆಯವರದು.

ಆದರೆ ಇವತ್ತು ಅವರ ಮುಖದಲ್ಲಿ ಗೆಲುವಿಲ್ಲ. ಈ ಹಂಗಾಮಿನಲ್ಲಿ ಅವರ ಮೇಲೆ ಮೂರು ದೂರು ಬಂದಿವೆ. ಮೂರೂ ಮದುವೆ ಮನೆಗಳಿಂದಲೇ. ನಾಲ್ಕನೆಯದು ಬಂದರೆ ಕೀ ಒಪ್ಪಿಸಿ ಮನೆಗೆ ಹೋಗಬೇಕೆಂದು ಕಾರಿನ ಮಾಲೀಕ ಚಂದ್ರಣ್ಣ ಹಿಂದಿನ ಸಂಜೆಯೇ ಹೇಳಿದ್ದಾರೆ. ಜಂಪಣ್ಣನವರಿಗೆ ಐವತ್ನಾಲ್ಕು ವರ್ಷ. ಈ ವಯಸ್ಸಿನ ಡ್ರೈವರನ್ನು ಕರೆದು ಕೆಲಸ ಕೊಡುವವರು ಈ ಊರಿನಲ್ಲಿ ಯಾರೂ ಇಲ್ಲ.

ಅಷ್ಟಕ್ಕೂ ಅವರು ಮಾಡುವ ತಪ್ಪೇನು? ಕುಡಿಯುವುದಿಲ್ಲ, ತಡವಾಗಿ ಬರುವುದಿಲ್ಲ, ಗಾಡಿಗೆ ಗೀರು ಬೀಳಿಸುವುದಿಲ್ಲ. ಮೊದಲನೆಯದು, ಮದುವೆಯ ಗಡಿಬಿಡಿಯಲ್ಲಿ ವಿಮೆ ಕಾಗದ ಬಿಡಿಸಿ, ಯಾರಿಗೆ ಏನಾದರೆ ಎಷ್ಟು ಬರುತ್ತದೆ, ಏನು ಬರುವುದಿಲ್ಲ ಎಂದು ಗಟ್ಟಿಯಾಗಿ ಹೇಳುತ್ತಾರೆ. ಮದುಮಗಳ ತಲೆಯ ಮೇಲೆ ಅಕ್ಷತೆ ಬೀಳುವ ಮೊದಲೇ ಕಿವಿಗೆ ಸಾವುನೋವಿನ ಮಾತು ಬಿದ್ದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಎರಡನೆಯದು, ಏನೇ ಆದರೂ ಸ್ಟೇರಿಂಗು ಬೇರೆಯವರ ಕೈಗೆ ಕೊಡುವುದಿಲ್ಲ. ಮೂರನೆಯದು, ವಾದ್ಯದವರು ಗಾಡಿಯ ಹಿಂದೆ ಹೋಗುವ ತನಕ ಗಾಡಿಯನ್ನು ಒಂದು ಗೇಣು ಮುಂದಕ್ಕೆ ಬಿಡುವುದಿಲ್ಲ. ಮೆರವಣಿಗೆಯೆಂದರೆ ವಾದ್ಯ ಮುಂದೆ ಇರಬೇಕು ಎಂಬುದು ಹಸುಗೂಸಿಗೂ ಗೊತ್ತಿರುವ ಮಾತು.

ಬಳ್ಳಾರಿ ಕಡೆ ಅದಿರಿನ ದುಡ್ಡು ಹರಿಯತೊಡಗಿದ ಮೇಲೆ ಅಲ್ಲಿಗೆ ಬಂದಷ್ಟು ಫಾರಿನ್ ಕಾರುಗಳನ್ನು ಈ ಸೀಮೆ ಹಿಂದೆಂದೂ ಕಂಡಿರಲಿಲ್ಲ. ಎರಡು ವರ್ಷಕ್ಕೆ ಗಣಿ ಧಣಿಗೆ ಬೇಸರವಾದ ಕಾರು ಕೈ ಬದಲಾಗಿ ಮದುವೆ ಬಾಡಿಗೆಗೆ ಇಳಿಯುತ್ತದೆ. ಫೋಟೋದಲ್ಲಿ ಚೆನ್ನಾಗಿ ಬಂದರೆ ಸಾಕು, ಅದರ ಕಾಗದ ಕೇಳುವ ಗೊಡವೆಗೆ ಯಾರೂ ಹೋಗುವುದಿಲ್ಲ. ಕೇಳಿದರೂ ‘ಫುಲ್ ಇನ್ಶೂರೆನ್ಸ್ ಐತೆ’ ಎಂಬ ಒಂದೇ ಉತ್ತರ. ಆ ಮಾತು ಕೇಳಿದಾಗಲೆಲ್ಲ ಜಂಪಣ್ಣ ಕಾಗದ ಬಿಡಿಸಿ ಹಿಡಿಯುತ್ತಾರೆ.

“ಫುಲ್ಲು ಅಂದ್ರೆ ಏನು ಅಂತ ಕೇಳ್ಬೇಕು ರೀ. ಬಿಳಿ ಬೋರ್ಡಿನ ಗಾಡಿ ಮನೆ ಉಪಯೋಗಕ್ಕೆ. ಬಾಡಿಗೆಗೆ ಬಿಟ್ಟಾಗ ಏನಾರ ಆದ್ರೆ ನಮಗೆ ಸಂಬಂಧ ಇಲ್ಲ ಅಂತ ಆ ಕಾಗದದಾಗೇ ಬರೆದೈತೆ. ಓಡಿಸೋನಿಗೆ ಆ ಗಾಡಿ ಓಡಿಸೋ ಲೈಸೆನ್ಸ್ ಇರ್ಬೇಕು. ಎಷ್ಟು ಸೀಟು ಬರೆದೈತೋ ಅಷ್ಟೇ ಜನ ಕುಂತ್ಕಬೇಕು. ಗೀರು ಬಿದ್ರೆ, ಗಾಜು ಒಡೆದ್ರೆ ಮೊದಲ ಇಷ್ಟು ದುಡ್ಡು ನಮ್ಮದೇ, ಆಮ್ಯಾಲೆ ಅವರದು. ಫಾರಿನ್ ಗಾಡಿ ಒಂದು ದೀಪದ ಗಾಜಿಗೆ ಒಂದು ಹಸು ಬರ್ತೈತೆ. ಇದನ್ನ ಅಡ್ವಾನ್ಸ್ ಕೊಡೋಕೆ ಮುಂಚೆ ಕೇಳ್ಬೇಕು, ಹೆಣ ಎತ್ತಿದ ಮ್ಯಾಲೆ ಅಲ್ಲ.”

ಕಾಗದ ಇರುವುದು ಇಂಗ್ಲಿಷಿನಲ್ಲಿ. ಜಂಪಣ್ಣ ಓದಿದ್ದು ಕನ್ನಡ ನಾಲ್ಕನೇ ಕ್ಲಾಸು. ಆದರೂ ಯಾವ ಪುಟದ ಎಷ್ಟನೇ ಸಾಲಿನಲ್ಲಿ ಏನಿದೆ ಎಂದು ಬೆರಳಿಟ್ಟು ತೋರಿಸುತ್ತಾರೆ. ಹದಿನಾರು ಸಲ ಕೋರ್ಟು ಹತ್ತಿ ಇಳಿದು ಕಲಿತ ವಿದ್ಯೆ ಅದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ತಮ್ಮನ್ನು ತಾವೇ ಆಡಿಕೊಳ್ಳುತ್ತಾರೆ.

ಜಂಪಣ್ಣ ದೇವಸಮುದ್ರ ಹೋಬಳಿಯ ಕುರಿ ಮೇಯಿಸುವ ಮನೆತನದವರು. ಲಾರಿ ಕ್ಲೀನರಾಗಿ ಸೇರಿ, ಲೈಸೆನ್ಸ್ ಮಾಡಿಸಿ, ತೊಂಬತ್ತಾರರ ಹೊತ್ತಿಗೆ ಒಬ್ಬ ಶೋಕಿ ಮಾಲೀಕನ ಹಳೆಯ ಅಮೆರಿಕನ್ ಕಾರಿಗೆ ಡ್ರೈವರಾದರು. ಮೇಲ್ಛಾವಣಿ ಮಡಚಿ ಹಿಂದಕ್ಕೆ ಹಾಕಿದರೆ ರಥದಂತೆ ಕಾಣುತ್ತಿದ್ದ ಕಾರು. ಸ್ಟೇರಿಂಗು ಎಡಗಡೆ, ಕ್ಲಚ್ಚಿಲ್ಲ, ಗೇರು ತಾನೇ ಬೀಳುತ್ತದೆ. ಮನೆಗೆಂದು ನೋಂದಣಿಯಾದ ಆ ಕಾರನ್ನು ಮಾಲೀಕ ಗುಟ್ಟಾಗಿ ಮದುವೆಗಳಿಗೆ ಬಿಡುತ್ತಿದ್ದ.

ಈ ಕಡೆಯ ಕೆಲವು ಮನೆಗಳಲ್ಲಿ ಒಂದು ಪದ್ಧತಿ ಇದೆ. ಮದುಮಗಳನ್ನು ಕೂರಿಸಿಕೊಂಡು ಹೊರಟ ಬಂಡಿಯ ಹಗ್ಗವನ್ನು ಚಪ್ಪರದ ತನಕ ಅವಳ ಸೋದರಮಾವ ಹಿಡಿಯಬೇಕು. ಹಗ್ಗ ಬೇರೆಯವರು ಹಿಡಿದರೆ ಹುಡುಗಿಗೆ ತವರಿನ ಬಲ ಇಲ್ಲವೆಂದು ಬೀಗರ ಮನೆಯಲ್ಲಿ ಆಡಿಕೊಳ್ಳುತ್ತಾರೆ. ಬಂಡಿ ಹೋಗಿ ಟ್ರ್ಯಾಕ್ಟರು ಬಂತು, ಟ್ರ್ಯಾಕ್ಟರಿನ ಹಿಂದೆ ಜೀಪು ಬಂತು, ಪದ್ಧತಿ ಮಾತ್ರ ಹೋಗಲಿಲ್ಲ. ಹಗ್ಗದ ಜಾಗಕ್ಕೆ ಸ್ಟೇರಿಂಗು ಬಂದು ಕುಳಿತಿತು.

ತೊಂಬತ್ತೆಂಟರ ಮೇ ತಿಂಗಳು, ಜಂಪಣ್ಣನವರದೇ ಹೋಬಳಿಯ ಒಂದು ಹಳ್ಳಿ. ಮದುಮಗಳ ಸೋದರಮಾವ ದೊಡ್ಡಪಾಲಯ್ಯ ಹೊಸ ರುಮಾಲು ಸುತ್ತಿಕೊಂಡು ಬಂದು ಕೀ ಕೇಳಿದ. ಹೊಲದಲ್ಲಿ ಟ್ರ್ಯಾಕ್ಟರು ಓಡಿಸುತ್ತಿದ್ದ, ಲೈಸೆನ್ಸ್ ಇರಲಿಲ್ಲ. ನೂರು ಹೆಜ್ಜೆ ತಾನೇ ಎಂದು ಎಲ್ಲರೂ ಅಂದರು. ಜಂಪಣ್ಣ ಕೊಟ್ಟರು, ತಾವು ಪಕ್ಕದಲ್ಲಿ ಕುಳಿತರು. ಮುಂದೆ ಉರುಮೆ ವಾದ್ಯದವರು ಬಾರಿಸುತ್ತ, ಗಾಡಿಗೆ ಮುಖ ಮಾಡಿ ಹಿಂದಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದರು. ಚಪ್ಪರದ ಬಾಯಲ್ಲಿ ನಿಲ್ಲಿಸಬೇಕೆಂದು ದೊಡ್ಡಪಾಲಯ್ಯ ಕಾಲು ಒತ್ತಿದ. ಒತ್ತಿದ್ದು ಬ್ರೇಕನ್ನಲ್ಲ.

“ಗಾಡಿ ಹಾರಿದ ಕೂಡ್ಲೆ ಹ್ಯಾಂಡ್ ಬ್ರೇಕಿಗೆ ಕೈ ಹಾಕಿದೆ. ಆ ಗಾಡಿಯಾಗೆ ಅದು ಕೈಯಾಗೆ ಎಳೆಯೋದಲ್ಲ, ಡ್ರೈವರ್ ಕಾಲತ್ರ ಇರ್ತೈತೆ. ದಿನಾ ಓಡಿಸೋನು ನಾನು, ನನಗೆ ಗೊತ್ತಿತ್ತು. ಆದ್ರೂ ಕೈ ಸುಮ್ಕೆ ಗಾಳಿಯಾಗೆ ಹುಡುಕ್ತು,” ಎನ್ನುತ್ತಾರೆ ಜಂಪಣ್ಣ. ಇಷ್ಟು ಹೇಳುವಾಗ ಅವರ ಎಡಗೈ ತಾನಾಗಿಯೇ ಮೊಣಕಾಲ ಬಳಿ ಹೋಗುತ್ತದೆ.

ಉರುಮೆಯ ಕೆಂಚಣ್ಣ ಚಪ್ಪರದ ಕಂಬಕ್ಕೂ ಕಾರಿಗೂ ನಡುವೆ ಸಿಕ್ಕಿ ಅಲ್ಲೇ ತೀರಿಕೊಂಡ. ಮೂವತ್ತೊಂದು ವರ್ಷ, ಹೆಂಡತಿ ಪಾಪಕ್ಕ, ಎರಡು ಹೆಣ್ಣುಮಕ್ಕಳು.

ಆಮೇಲೆ ನಡೆದದ್ದು ಇದಕ್ಕಿಂತ ಕೆಟ್ಟದ್ದು. ಪೊಲೀಸರು ಬರುವ ಮೊದಲು ಹಿರಿಯರು ಜಂಪಣ್ಣನವರನ್ನು ಹಿತ್ತಲಿಗೆ ಕರೆದು ಕೂರಿಸಿಕೊಂಡರು. ಲೈಸೆನ್ಸ್ ಇರುವವನು ನೀನು, ನೀನೇ ಓಡಿಸುತ್ತಿದ್ದೆ ಅನ್ನು, ಬಾಡಿಗೆ ಗಾಡಿಯಲ್ಲ, ಸ್ನೇಹಕ್ಕೆ ತಂದದ್ದು ಅನ್ನು, ಆಗ ವಿಮೆ ಕಂಪನಿ ಕೆಂಚಣ್ಣನ ಹೆಂಡತಿಗೆ ದುಡ್ಡು ಕೊಡುತ್ತದೆ ಎಂದು ತಿಳಿಹೇಳಿದರು. ಮಾಲೀಕನೂ ಅದನ್ನೇ ಹೇಳಿಕೊಟ್ಟ. ಜಂಪಣ್ಣ ನಂಬಿದರು. ಮಾಡಿದ ತಪ್ಪಿಗೆ ಇಷ್ಟಾದರೂ ಮಾಡೋಣವೆಂದು ಹೇಳಿಕೆಗೆ ಸಹಿ ಹಾಕಿದರು. ಹದಿನೇಳು ದಿನ ಜೈಲಿನಲ್ಲಿದ್ದರು.

ವಿಮೆ ಕಂಪನಿಯ ಕಡೆಯವರು ವಿಚಾರಣೆಗೆ ಬಂದಾಗ ಕೇಳಿದ್ದು ಒಂದೇ ವಸ್ತು, ಮದುವೆಯ ವಿಡಿಯೋ ಕ್ಯಾಸೆಟ್ಟು. ಅದರಲ್ಲಿ ದೊಡ್ಡಪಾಲಯ್ಯ ಹಾರ ಹಾಕಿಕೊಂಡು ಸ್ಟೇರಿಂಗು ಹಿಡಿದು ನಗುತ್ತಿದ್ದಾನೆ. ಬಾಡಿಗೆಯ ದುಡ್ಡು ಎಣಿಸಿ ಕೊಟ್ಟದ್ದೂ ಅದರಲ್ಲೇ ಇದೆ. ಬಾಡಿಗೆ, ಲೈಸೆನ್ಸ್ ಇಲ್ಲದ ಕೈ, ಮೇಲೆ ಸುಳ್ಳು ಹೇಳಿಕೆ. ಕಂಪನಿ ಕೈ ತೊಳೆದುಕೊಂಡಿತು. ಕೋರ್ಟು ಮಾಲೀಕನೇ ಪರಿಹಾರ ಕೊಡಬೇಕು ಎಂದಿತು. ಅವನು ಅಷ್ಟರೊಳಗೆ ಆಸ್ತಿಯನ್ನೆಲ್ಲ ಹೆಂಡತಿಯ ಹೆಸರಿಗೆ ಬರೆದು, ಕಾರು ಮಾರಿ ಊರು ಬಿಟ್ಟಿದ್ದ. ಉಂಡೂ ಹೋದ, ಕೊಂಡೂ ಹೋದ ಎನ್ನುವುದು ಇಂಥವರಿಗೇ.

ಎಲ್ಲ ಮುಗಿದ ಮೇಲೆ ಕೋರ್ಟಿನ ಮೆಟ್ಟಿಲ ಮೇಲೆ ವಕೀಲರೊಬ್ಬರು ಒಂದು ಮಾತು ಹೇಳಿದರು. ಮೊದಲೇ ನಿಜ ಹೇಳಿದ್ದರೆ, ಆ ಹೆಂಗಸಿಗೆ ಕಂಪನಿಯೇ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಕೇಳುವುದಕ್ಕಾದರೂ ದಾರಿ ಇತ್ತಂತೆ. ಖಂಡಿತ ಸಿಗುತ್ತಿತ್ತೆಂದಲ್ಲ, ಸಿಗಬಹುದಿತ್ತು. ಆ ‘ಬಹುದಿತ್ತು’ ಜಂಪಣ್ಣನವರನ್ನು ಇವತ್ತಿಗೂ ಮಲಗಲು ಬಿಟ್ಟಿಲ್ಲ.

ಲೈಸೆನ್ಸ್ ಅಮಾನತಾಗಿದ್ದ ಎರಡು ವರ್ಷ ಅವರು ವರವು ಕಾವಲ್ ಹುಲ್ಲುಗಾವಲಿನ ಕಡೆ ಅಣ್ಣನ ಕುರಿ ಕಾಯ್ದರು. ಎರಡು ಸಾವಿರದ ಒಂದರಲ್ಲಿ ಚಂದ್ರಣ್ಣ ಫಾರಿನ್ ಕಾರು ತಂದು ಡ್ರೈವರಿಲ್ಲದೆ ಪರದಾಡುತ್ತಿದ್ದಾಗ, ಹಳದಿ ಬೋರ್ಡು ಹಾಕಿಸಿ ಬಾಡಿಗೆಯ ವಿಮೆ ಮಾಡಿಸಿದರೆ ಬರುತ್ತೇನೆಂದರು. ಖರ್ಚು ಹೆಚ್ಚಾದ್ದರಿಂದ ಈ ಕಾರಿನ ಬಾಡಿಗೆ ಬಿಳಿ ಬೋರ್ಡಿನವರಿಗಿಂತ ನಾಲ್ಕು ಸಾವಿರ ಜಾಸ್ತಿ. ಚಂದ್ರಣ್ಣನವರ ಸಿಟ್ಟಿನ ಬೇರು ಇರುವುದೂ ಅಲ್ಲೇ. ಹಂಗಾಮಿಗೆ ನಲವತ್ತು ಮದುವೆ ಇದ್ದದ್ದು ಈಗ ಇಪ್ಪತ್ತೈದಕ್ಕೆ ಇಳಿದಿದೆ.

ಪಾಪಕ್ಕ ಈಗ ಚಳ್ಳಕೆರೆಯಲ್ಲೇ ಇದ್ದಾರೆ, ಮಿಲ್ಲಿನಲ್ಲಿ ಶೇಂಗಾ ಆರಿಸುತ್ತಾರೆ. ಕೋರ್ಟಿನ ತೀರ್ಪಿನ ಕಾಗದ ಅವರ ಟ್ರಂಕಿನಲ್ಲಿದೆ, ಅದರಿಂದ ಒಂದು ಬಿಡಿಗಾಸೂ ಹುಟ್ಟಿಲ್ಲ. ಜಂಪಣ್ಣ ಹಬ್ಬಕ್ಕೆ ಜೋಳ ತಂದಿಟ್ಟರೆ ತೆಗೆದುಕೊಳ್ಳುತ್ತಾರೆ, ಒಳಗೆ ಕರೆಯುವುದಿಲ್ಲ. “ಅವನ ಮ್ಯಾಲೆ ಸಿಟ್ಟಿಲ್ಲ ಅಂದ್ರೆ ಸುಳ್ಳಾಗ್ತೈತೆ. ಸತ್ತೋನ್ನ ಕೊಂದಿದ್ದು ಗಾಡಿ. ನನ್ನ ಮಕ್ಕಳ ಅನ್ನ ತಗದಿದ್ದು ಅವನ ಬಾಯಿ,” ಎನ್ನುತ್ತಾರೆ. ಈ ಮಾತನ್ನು ಅವರು ಜಂಪಣ್ಣನವರ ಎದುರಿಗೇ ಹೇಳಿದ್ದಾರೆ.

ಬಿ.ಜಿ. ಕೆರೆ ದಾಟಿ, ಕೊಂಡ್ಲಹಳ್ಳಿ ಕ್ರಾಸಿನಲ್ಲಿ ಒಂದು ಚಹಾ ಕುಡಿದು ಕಾರು ಮೊಳಕಾಲ್ಮೂರು ಸೇರುವಾಗ ಎಂಟು ಗಂಟೆ. ದೇವಸ್ಥಾನದ ಮುಂದೆ ಜನ ಸೇರಿದ್ದಾರೆ. ಜಂಪಣ್ಣ ಕಾಗದವನ್ನು ಬಾನೆಟ್ಟಿನ ಮೇಲೆ ಹರಡಿ ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ ಹೇಳುತ್ತಾರೆ. ಯಾರೋ ಅಪಶಕುನ ಎಂದು ಗೊಣಗುತ್ತಾರೆ. ರಂಗಯ್ಯ ಮಾತ್ರ ಕೊನೆಯ ತನಕ ಕೇಳಿಸಿಕೊಳ್ಳುತ್ತಾರೆ. ನೂಲು ಎಣಿಸುವವರ ತಾಳ್ಮೆ ಅದು. ದಿವ್ಯಶ್ರೀ, ತಾಯಿ ಗೋವಿಂದಮ್ಮ ಮತ್ತು ಒಬ್ಬ ಅತ್ತೆ ಹಿಂದಿನ ಸೀಟಿನಲ್ಲಿ ಕೂರುತ್ತಾರೆ.

ಆಗ ಗೋವಿಂದಮ್ಮನವರ ತಮ್ಮ, ರಾಯದುರ್ಗದಿಂದ ಬಂದ ಸೋದರಮಾವ, ಡ್ರೈವರ್ ಬಾಗಿಲಿಗೆ ಕೈ ಹಾಕುತ್ತಾರೆ. ಜಂಪಣ್ಣ ಕೀಯನ್ನು ಒಳಜೇಬಿಗೆ ಇಳಿಸುತ್ತಾರೆ. ಮಾವ ಸಿದ್ಧರಾಗಿಯೇ ಬಂದಿದ್ದಾರೆ, ಜೇಬಿನಿಂದ ಲೈಸೆನ್ಸ್ ತೆಗೆದು ಕೊಡುತ್ತಾರೆ. ಜಂಪಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಎರಡೂ ಕೈಯಲ್ಲಿ ಮರಳಿಸುತ್ತಾರೆ. ಅದು ಸ್ಕೂಟರಿನ ಲೈಸೆನ್ಸು.

“ನನ್ನ ಅಕ್ಕನ ಮಗಳು ಕಣಯ್ಯಾ. ನಾಳೆ ಬೀಗರ ಮುಂದೆ ನಾನು ತಲೆ ಎತ್ತಬೇಕಾ ಬೇಡವಾ?” ಎನ್ನುತ್ತಾರೆ ಮಾವ. ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚು.

“ನಿಮ್ಮ ಕಾಲಿಗೆ ಬೀಳ್ತೀನಿ ಸ್ವಾಮಿ, ಕೀ ಕೇಳಬ್ಯಾಡ್ರಿ,” ಎನ್ನುತ್ತಾರೆ ಜಂಪಣ್ಣ.

ಹಾಗಾದರೆ ಕಾರಿನ ಮುಂದೆ ತಾನು ನಡೆಯುತ್ತೇನೆ, ವಾದ್ಯ ತನ್ನ ಮುಂದಿರಲಿ ಎಂದು ಮಾವ ಒಂದು ಮೆಟ್ಟಿಲು ಇಳಿಯುತ್ತಾರೆ. ಜಂಪಣ್ಣ ಅದಕ್ಕೂ ಒಪ್ಪುವುದಿಲ್ಲ, ಗಾಡಿಯ ಮುಂದೆ ಒಂದು ನರಪಿಳ್ಳೆಯೂ ಇರಕೂಡದು ಎನ್ನುತ್ತಾರೆ. ಇಲ್ಲಿ ಅವರದು ಹಟ ಅತಿಯಾಯಿತು ಎಂದು ಅನಿಸಿದರೆ ತಪ್ಪಲ್ಲ, ಅವರಿಗೂ ಹಾಗೆ ಅನಿಸುತ್ತದೆಯಂತೆ. ಆದರೆ ಕಾಲು ಪೆಡಲಿನ ಮೇಲೆ ಹೋಗುವುದಿಲ್ಲ. ಮುಹೂರ್ತ ಹತ್ತಿರವಾಗುತ್ತದೆ. ಕೊನೆಗೆ ಮಾವ ಹಿಂದಿನ ಬಾಗಿಲು ತೆಗೆದು, “ದಿಗಮ್ಮಾ,” ಇಳಿಯಮ್ಮಾ ಎಂದು ತೆಲುಗಿನಲ್ಲೇ ಹೇಳಿ, ಸೋದರಸೊಸೆಯ ಕೈ ಹಿಡಿದು ಇಳಿಸಿಕೊಳ್ಳುತ್ತಾರೆ. ನೇಯ್ದ ಮನೆಯಲ್ಲೇ ಉಟ್ಟ ರೇಷ್ಮೆ ಸೀರೆಯ ಅಂಚನ್ನು ಎತ್ತಿ ಹಿಡಿದು ದಿವ್ಯಶ್ರೀ ನಾನೂರು ಮೀಟರು ನಡೆದೇ ಹೋಗುತ್ತಾಳೆ. ಉರುಮೆಯವರು ಮುಂದೆ ಬಾರಿಸುತ್ತ ಹೋಗುತ್ತಾರೆ. ಹನ್ನೆರಡು ಸಾವಿರ ಬಾಡಿಗೆಯ ಕಾರು ದೇವಸ್ಥಾನದ ಮುಂದೆ ಖಾಲಿ ನಿಲ್ಲುತ್ತದೆ.

ಬಾಕಿ ಬಾಡಿಗೆ ಕೊಡುವುದಿಲ್ಲವೆಂದು ರಂಗಯ್ಯ ಚಂದ್ರಣ್ಣನವರಿಗೆ ಫೋನು ಮಾಡುತ್ತಾರೆ. ಕಾಲು ಗಂಟೆಗೆ ಜಂಪಣ್ಣನವರಿಗೆ ಚಂದ್ರಣ್ಣನವರ ಫೋನು ಬರುತ್ತದೆ. ಬೈಗುಳವಿಲ್ಲ, ಸಂಜೆ ಗಾಡಿ ಶೆಡ್ಡಿಗೆ ಬಿಟ್ಟು ಕೀ ಮನೆಯಲ್ಲಿ ಕೊಟ್ಟು ಹೋಗು ಎಂಬ ಒಂದೇ ಮಾತು. ಜಂಪಣ್ಣ ಹೂಂ ಎಂದು ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ.

ಮುಂದೇನು ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಾರೆ. ಇನ್ನೊಂದು ಹಳದಿ ಬೋರ್ಡಿನ ಗಾಡಿ ಸಿಕ್ಕರೆ ಓಡಿಸುವ ಆಸೆ, ಇಲ್ಲವಾದರೆ ಅಣ್ಣನ ಕುರಿ ಇದ್ದೇ ಇದೆ. ಊಟಕ್ಕೆ ಯಾರೂ ಅವರನ್ನು ಕರೆದಿಲ್ಲ. ಮಂಟಪದ ಕಾಂಪೌಂಡಿಗೆ ಒರಗಿ ನಿಂತು ಒಳಗಿನ ಎಲೆಗಳ ಸಾಲಿನ ಕಡೆ ಬಹಳ ಹೊತ್ತು ನೋಡುತ್ತಾರೆ.

“ಉರುಮೆಯವರು ಐದು ಜನ ಬಂದಿದ್ರು ನೋಡ್ರಿ,” ಎನ್ನುತ್ತಾರೆ ಜಂಪಣ್ಣ. “ಐದೂ ಜನ ಊಟಕ್ಕೆ ಕುಂತವ್ರೆ.”